ಗಡಾಯಿಕಲ್ಲಿಗೆ ಒಂದು ದಿನದ ಚಾರಣ: ಇಳಿಯುವ ಹೊತ್ತಿನಿಂದ ಹಿಂದಕ್ಕೆ ಹಾಕುವ ಲೆಕ್ಕ

ಬೆಳ್ತಂಗಡಿ ಪೇಟೆ ಸಮೀಪಿಸುತ್ತಿದ್ದಂತೆ ಅಡಿಕೆ ತೋಟಗಳ ನೆತ್ತಿಯ ಮೇಲೆ ಬೋಳು ಹೆಬ್ಬಂಡೆಯೊಂದು ಎದ್ದು ನಿಂತಿರುವುದನ್ನು ಧರ್ಮಸ್ಥಳಕ್ಕೆ ಹೋಗಿಬಂದ ಕರಾವಳಿಯವರಲ್ಲಿ ಹೆಚ್ಚಿನವರು ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ. ಅದೇ ಗಡಾಯಿಕಲ್ಲು. ಸಮುದ್ರ ಮಟ್ಟದಿಂದ ಸುಮಾರು 1,700 ಅಡಿ ಎತ್ತರದ ಈ ಕಲ್ಲಿನ ಮೇಲೆ ಜಮಾಲಾಬಾದ್ ಕೋಟೆಯ ಅವಶೇಷಗಳಿವೆ. ಕಲ್ಲು ಮತ್ತು ಅದರ ಬುಡದ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಗೆ ಸೇರುತ್ತವೆ. ಮಂಗಳೂರಿನಿಂದ ಸುಮಾರು 65 ಕಿಲೋಮೀಟರ್ ದೂರವಿರುವ ಈ ಜಾಗಕ್ಕೆ ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಬೆಳ್ತಂಗಡಿಗೆ ಇಳಿದು, ಸಂಜೆಯ ಕಾಫಿಯ ಹೊತ್ತಿಗೆ ಮನೆ ಸೇರಬಹುದು. ವಾರವಿಡೀ ನಂತೂರು ವೃತ್ತದ ವಾಹನಗಳ ಸಾಲಿನಲ್ಲಿ ಕುಳಿತು, ಉಳಿದ ಹೊತ್ತನ್ನು ಹವಾನಿಯಂತ್ರಿತ ಕೋಣೆಯಲ್ಲಿ ಕಳೆಯುವವರಿಗೆ, ರಜೆ ಹಾಕದೆ ಕಾಡಿನೊಳಗೆ ಅರ್ಧ ದಿನ ಇದ್ದು ಬರಲು ಇಷ್ಟು ಹತ್ತಿರದಲ್ಲಿ ಇಷ್ಟು ಒಳ್ಳೆಯ ಜಾಗ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹತ್ತಿರವಿದೆ ಎಂಬುದೇ ಇದರ ತೊಡಕೂ ಹೌದು. ಕುದುರೆಮುಖ ಶಿಖರಕ್ಕೆ ಹೋಗುವವರು ತಿಂಗಳ ಮೊದಲೇ ಸಿದ್ಧತೆ ಆರಂಭಿಸುತ್ತಾರೆ. ಗಡಾಯಿಕಲ್ಲಿಗೆ ಮಾತ್ರ ಶನಿವಾರ ರಾತ್ರಿ ನಿರ್ಧರಿಸಿ, ಭಾನುವಾರ ಹತ್ತು ಗಂಟೆಗೆ ಚಪ್ಪಲಿಯಲ್ಲೇ ಬಂದು ನಿಲ್ಲುತ್ತಾರೆ. ಹೀಗೆ ಬಂದವರಲ್ಲಿ ಹೆಚ್ಚಿನವರು ಏರುತ್ತಾರೆ, ಬಳಲುವುದು ಇಳಿಯುವಾಗ. ಆದ್ದರಿಂದ ಈ ಮಾರ್ಗದರ್ಶಿಯ ಲೆಕ್ಕವೆಲ್ಲ ತಲೆಕೆಳಗಾಗಿದೆ: ಮೊದಲು ಇಳಿಯುವ ಹೊತ್ತನ್ನು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಬರುತ್ತಾ ಹೊರಡುವ ಹೊತ್ತು, ನೀರು, ಬುತ್ತಿ, ಅಭ್ಯಾಸ ಎಲ್ಲವನ್ನೂ ಹೊಂದಿಸಿಕೊಳ್ಳಬೇಕು.

ಹಿಂದಕ್ಕೆ ಹಾಕುವ ಲೆಕ್ಕ

ಈ ಕಲ್ಲಿನ ದಾರಿಯ ಮೇಲ್ಭಾಗದಲ್ಲಿ ನೆರಳು ಕಡಿಮೆ. ಬುಡದಲ್ಲಿ ಮರಗಳ ಮರೆಯಿದ್ದರೂ ಮೇಲೆ ಹೋದಂತೆ ಬಂಡೆ ಬಯಲಾಗುತ್ತದೆ. ಬಿಸಿಲು ಬಿದ್ದ ಬಂಡೆ ಶಾಖವನ್ನು ಹೀರಿಟ್ಟುಕೊಂಡು ಹಿಂದಕ್ಕೆ ಬಿಡುವುದರಿಂದ ಮೇಲಿನಿಂದಲೂ ಕೆಳಗಿನಿಂದಲೂ ಸೆಕೆ ಹೊಡೆಯುತ್ತದೆ. ಕರಾವಳಿಯ ತೇವಭರಿತ ಗಾಳಿಯಲ್ಲಿ ಬೆವರು ಆರುವುದು ನಿಧಾನ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಒಣಹವೆಯ ಬಯಲುಸೀಮೆಯ ಬೆಟ್ಟವನ್ನು ಹತ್ತುಗಂಟೆಯ ಬಿಸಿಲಿನಲ್ಲಿ ಸಲೀಸಾಗಿ ಏರಿದವರು ಇಲ್ಲಿ ಸೋಲುವುದು ಇದೇ ಕಾರಣಕ್ಕೆ. ಹೀಗಾಗಿ ಹತ್ತೂವರೆಗೆ ತುದಿಯಿಂದ ಹೊರಟು, ಹನ್ನೆರಡರೊಳಗೆ ಬುಡದಲ್ಲಿರಬೇಕು ಎಂಬುದನ್ನು ಮೊದಲ ಗೆರೆಯಾಗಿ ಎಳೆದುಕೊಳ್ಳಿ.

ಬಂಡೆಯಲ್ಲಿ ಕಡಿದ ಮೆಟ್ಟಿಲುಗಳ ಸಂಖ್ಯೆ ಸುಮಾರು 1,876 ಎಂಬುದು ಎಲ್ಲರ ಬಾಯಲ್ಲಿರುವ ಲೆಕ್ಕ. ನಿಮಿಷಕ್ಕೆ 25 ಮೆಟ್ಟಿಲಿನಂತೆ ನಿಲ್ಲದೆ ಏರಿದರೆ 75 ನಿಮಿಷ ಸಾಕು. ಆದರೆ ಮೆಟ್ಟಿಲುಗಳ ಎತ್ತರ ಒಂದೇ ಸಮನಾಗಿಲ್ಲ, ನಿಲ್ಲದೆ ಏರುವವರೂ ಇಲ್ಲ. ಕುಳಿತು ಸುಧಾರಿಸಿಕೊಳ್ಳುವ ಹೊತ್ತನ್ನು ಸೇರಿಸಿ ಎರಡು ಗಂಟೆ ಹಿಡಿಯಿರಿ. ಮೇಲೆ ಒಂದು ಗಂಟೆ ಇರಬೇಕೆಂದಾದರೆ ಏಳೂವರೆಗೆ ಮೊದಲ ಮೆಟ್ಟಿಲನ್ನು ತುಳಿಯಬೇಕು, ಅಂದರೆ ಮಂಗಳೂರನ್ನು ಐದೂಕಾಲಕ್ಕೆ ಬಿಡಬೇಕು. ಹೆದ್ದಾರಿ ಕಾಮಗಾರಿ, ಬಿ.ಸಿ. ರೋಡಿನ ಚಹಾ, ಹಾದಿ ತಪ್ಪುವುದು ಎಲ್ಲಕ್ಕೂ ಸೇರಿ ಎರಡು ಗಂಟೆ ಬೇಕೇ ಬೇಕು. ಅರಣ್ಯ ಇಲಾಖೆಯ ಕೌಂಟರ್ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡು, ಅದು ತಡವಾಗಿ ತೆರೆಯುವುದಾದರೆ ಮೇಲೆ ಕೂರುವ ಹೊತ್ತನ್ನು ಕಡಿತ ಮಾಡಿಕೊಳ್ಳಿ. ಇಳಿಯುವ ಹೊತ್ತನ್ನು ಮುಂದೂಡಬೇಡಿ.

ಇದನ್ನು ನಾನು ಕಲಿತದ್ದು ಮೊದಲ ಸಲ ಎಡವಿಯೇ. ಆ ದಿನ ನಾವು ನಾಲ್ವರು ಹತ್ತರ ಹೊತ್ತಿಗೆ ಏರಲು ಆರಂಭಿಸಿ, ಮಧ್ಯಾಹ್ನ ಒಂದರ ಉರಿಬಿಸಿಲಿನಲ್ಲಿ ಇಳಿದೆವು. ನೀರು ತುದಿಯಲ್ಲೇ ಮುಗಿದಿತ್ತು. ಅರ್ಧದಾರಿಯಲ್ಲಿ ಜೊತೆಗಾರನ ತೊಡೆಯ ಸ್ನಾಯು ಹಿಡಿದುಕೊಂಡು, ಅವನು ಉಳಿದ ಮೆಟ್ಟಿಲುಗಳನ್ನು ಮಕ್ಕಳಂತೆ ಕುಳಿತುಕೊಂಡೇ ಜಾರುತ್ತಾ ಇಳಿಯಬೇಕಾಯಿತು. ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ.

ತಿಂಗಳು ಮತ್ತು ವಾರ

ನವೆಂಬರಿನಿಂದ ಜನವರಿಯವರೆಗಿನ ಮೂರು ತಿಂಗಳು ಎಲ್ಲ ರೀತಿಯಿಂದಲೂ ಅನುಕೂಲ. ಮಳೆ ನಿಂತು ಬಂಡೆ ಒಣಗಿರುತ್ತದೆ, ಕಾಡು ಇನ್ನೂ ಹಸಿರಾಗಿರುತ್ತದೆ, ಬೆಳಗ್ಗೆ ತುಸು ಚಳಿಯೂ ಇರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಕಲ್ಲನ್ನು ದೂರದಿಂದಲೇ ನೋಡುವುದು ಲೇಸು. ಮಳೆಗಾಲದಲ್ಲಿ ಮೆಟ್ಟಿಲುಗಳ ಮೇಲೆ ನೀರು ತೊರೆಯಾಗಿ ಹರಿದು ಹಾವಸೆ ಕಟ್ಟುತ್ತದೆ. ಹಾವಸೆ ಹಿಡಿದ ಇಳಿಜಾರು ಬಂಡೆಯ ಮೇಲೆ ಯಾವ ದುಬಾರಿ ಬೂಟೂ ನಿಲ್ಲುವುದಿಲ್ಲ. ಮಳೆ ಜೋರಾದ ವರ್ಷಗಳಲ್ಲಿ ಇಲಾಖೆಯೇ ಚಾರಣವನ್ನು ನಿರ್ಬಂಧಿಸಿದ್ದುಂಟು. ಮಾರ್ಚ್‌ ನಂತರ ಸೆಕೆಯ ಜೊತೆಗೆ ಕಾಳ್ಗಿಚ್ಚಿನ ಭಯವೂ ಸೇರುತ್ತದೆ.

ಅಕ್ಟೋಬರ್ ತಿಂಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬೆಳಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನದ ನಂತರ ಘಟ್ಟದ ಕಡೆಯಿಂದ ಕಪ್ಪಾಗಿ ಗುಡುಗು ಮಿಂಚು ಆರಂಭವಾಗುವುದು ಆಗಿನ ವಾಡಿಕೆ, ಏಪ್ರಿಲ್ ಮೇ ತಿಂಗಳಲ್ಲಿಯೂ ಹಾಗೆಯೇ. ಸುತ್ತಲಿನ ಎಲ್ಲಕ್ಕಿಂತ ಎತ್ತರವಾಗಿ ನಿಂತ ಬೋಳು ಕಲ್ಲಿನ ತುದಿ ಸಿಡಿಲಿನ ಹೊತ್ತಿನಲ್ಲಿ ಇರಬಾರದ ಜಾಗ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿಗಿಂತ ಹತ್ತಿರದಲ್ಲಿದೆ ಎಂದರ್ಥ, ತಕ್ಷಣ ಇಳಿಯಲು ಆರಂಭಿಸಬೇಕು. ಪಾಳು ಗೋಡೆಯ ಮರೆಯಲ್ಲಿ ಅಥವಾ ಒಂಟಿ ಮರದ ಅಡಿಯಲ್ಲಿ ನಿಲ್ಲುವುದು ರಕ್ಷಣೆಯಲ್ಲ.

ವಾರದ ಯಾವ ದಿನ ಎಂಬುದಕ್ಕೂ ಇಳಿಯುವ ಲೆಕ್ಕವೇ ಆಧಾರ. ಮೆಟ್ಟಿಲು ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ಆ ಕೆಲಸದ ನೋವು ಅದೇ ದಿನ ಕಾಣಿಸದೆ ಮರುದಿನ ಮತ್ತು ಮೂರನೆಯ ದಿನ ಹೆಚ್ಚಾಗಿ ಕಾಣಿಸುತ್ತದೆ. ಭಾನುವಾರ ಹೋದವರು ಸೋಮವಾರ ಕಚೇರಿಯ ಮೆಟ್ಟಿಲಿನ ಪಕ್ಕದ ಕಂಬಿ ಹಿಡಿದು ನಡೆಯುತ್ತಾರೆ. ಶನಿವಾರ ಹೋಗಿ, ಭಾನುವಾರ ಮನೆಯಲ್ಲಿರಿ. ವಾರದ ನಡುವೆ ಬಿಡುವು ಸಿಗುವವರಿಗೆ ಇನ್ನೂ ಒಳ್ಳೆಯದು, ಕಿರಿದಾದ ಮೆಟ್ಟಿಲುಗಳ ಮೇಲೆ ಎದುರಿನಿಂದ ಬರುವವರಿಗೆ ದಾರಿ ಬಿಡುವ ತೊಂದರೆ ಇರುವುದಿಲ್ಲ.

ಅನುಮತಿ

1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಪ್ರದೇಶ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ರಾಷ್ಟ್ರೀಯ ಉದ್ಯಾನವನ್ನು ಪ್ರವೇಶಿಸುವುದು ಅಪರಾಧ. ಹೋಗುವ ವಾರದಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣವನ್ನು ನೋಡಿ, ಕುದುರೆಮುಖ ವನ್ಯಜೀವಿ ವಿಭಾಗದ ಬೆಳ್ತಂಗಡಿ ವಲಯ ಕಚೇರಿಯನ್ನು ವಿಚಾರಿಸಿ, ದಾರಿ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸರಕಾರಿ ಗುರುತಿನ ಚೀಟಿಯನ್ನು ಜೊತೆಯಲ್ಲಿಡಿ. ಬುಡದ ಕೌಂಟರಿನಲ್ಲಿ ಶುಲ್ಕ ಕೊಟ್ಟು ಹೆಸರು ಬರೆಸುವುದನ್ನು ಕೆಲವರು ಕಿರಿಕಿರಿ ಎಂದು ಭಾವಿಸುತ್ತಾರೆ. ಸಂಜೆ ಯಾರಾದರೂ ಇಳಿಯದೆ ಉಳಿದರೆ ಅವರನ್ನು ಹುಡುಕಲು ಇರುವ ಮೊದಲ ಆಧಾರ ಆ ಪುಸ್ತಕದ ಸಾಲೇ. ಮರಳಿ ಬಂದಾಗ ಅಲ್ಲಿದ್ದವರಿಗೆ ಹೇಳಿ ಹೊರಡುವುದನ್ನು ಮರೆಯಬಾರದು.

ಕಾಲುಗಳ ತಯಾರಿ

ಮೂರು ವಾರಗಳ ಅಭ್ಯಾಸ ಸಾಕು, ಅದಕ್ಕೆ ಜಿಮ್ ಬೇಕಿಲ್ಲ. ನಗರದ ಹತ್ತು ಮಹಡಿಯ ಕಟ್ಟಡವೊಂದರಲ್ಲಿ ಮಹಡಿಗೆ ಇಪ್ಪತ್ತರಂತೆ ಹಿಡಿದರೂ ಸುಮಾರು 200 ಮೆಟ್ಟಿಲುಗಳಿರುತ್ತವೆ, ಗಡಾಯಿಕಲ್ಲು ಎಂದರೆ ಅಂಥ ಕಟ್ಟಡವನ್ನು ಒಂಬತ್ತು ಹತ್ತು ಸಲ ಏರಿಳಿದಂತೆ. ಮೊದಲ ವಾರ ಎರಡು ಸುತ್ತು, ಮೂರನೆಯ ವಾರ ಐದು ಸುತ್ತು ಮಾಡಲು ಸಾಧ್ಯವಾದವರು ಧೈರ್ಯವಾಗಿ ಹೊರಡಬಹುದು. ಏರಿದ ಮೇಲೆ ಲಿಫ್ಟಿನಲ್ಲಿ ಕೆಳಗೆ ಬರುವವರು ಅರ್ಧ ಅಭ್ಯಾಸವನ್ನು, ಅದರಲ್ಲೂ ಮುಖ್ಯವಾದ ಅರ್ಧವನ್ನು ಬಿಟ್ಟಂತೆ. ಉಡುಪಿಯ ಕಡೆಯವರಿಗೆ ಕಾರ್ಕಳದ ಗೊಮ್ಮಟ ಬೆಟ್ಟ ಇನ್ನೂ ಒಳ್ಳೆಯ ಅಭ್ಯಾಸದ ಜಾಗ. 1432ರಲ್ಲಿ ಪ್ರತಿಷ್ಠಾಪನೆಗೊಂಡ 42 ಅಡಿಯ ಬಾಹುಬಲಿಯ ಸನ್ನಿಧಿಗೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ, ಹೆಜ್ಜೆಯ ಅಂದಾಜು ಅಲ್ಲಿ ಸಿಗುತ್ತದೆ. ಮೊಣಕಾಲಿನ ಹಳೆಯ ನೋವು, ಹೃದಯದ ತೊಂದರೆ, ಎತ್ತರದ ಭಯ ಇರುವವರು ಈ ಕಲ್ಲನ್ನು ಬಿಟ್ಟು, ಕಾಡಿನ ಸಮತಟ್ಟು ದಾರಿಗಳನ್ನು ಆರಿಸಿಕೊಳ್ಳುವುದು ಸೂಕ್ತ.

ಚೀಲದೊಳಗೆ

ತಲಾ ಮೂರು ಲೀಟರ್ ನೀರು ಬೇಕು. ದಾರಿಯಲ್ಲಿ ಕುಡಿಯುವ ನೀರು ಸಿಗುತ್ತದೆ ಎಂದು ನಂಬಿ ಹೋಗಬಾರದು. ಕೋಟೆಯ ಕೆರೆಯಲ್ಲಿ ನಿಂತಿರುವುದು ಮಳೆಯ ನೀರು, ಕುಡಿಯುವುದಕ್ಕಲ್ಲ. ತುದಿ ತಲುಪಿದಾಗ ಅರ್ಧ ನೀರು ಉಳಿದಿರಬೇಕು ಎಂಬ ನಿಯಮವನ್ನು ಗುಂಪಿನಲ್ಲಿ ಎಲ್ಲರೂ ಒಪ್ಪಿಕೊಂಡು ಹೊರಡಬೇಕು, ಏಕೆಂದರೆ ಒಬ್ಬರ ನೀರು ಮುಗಿದರೆ ಎಲ್ಲರ ನೀರೂ ಮುಗಿಯುತ್ತದೆ. ಬರಿಯ ನೀರಿಗಿಂತ ಉಪ್ಪು ಬೆರೆಸಿದ ಮಜ್ಜಿಗೆಯೋ ಓಆರ್‌ಎಸ್‌ ಪುಡಿಯೋ ಬೆವರಿಗೆ ತಕ್ಕದ್ದು. ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು, ಸಣ್ಣ ಬಾಟಲಿಗೆ ಸುರಿದು ಗಟ್ಟಿಯಾಗಿ ಕುಡಿಯಬಾರದು.

ಬುತ್ತಿಗೆ ನನ್ನ ಆಯ್ಕೆ ಬೆಲ್ಲ ತೆಂಗಿನಕಾಯಿ ಕಲಸಿದ ಅವಲಕ್ಕಿ, ಬಾಳೆಹಣ್ಣು ಮತ್ತು ನೆಲಗಡಲೆ ಚಿಕ್ಕಿ. ಮಂಗಳೂರಿನಿಂದ ಕಟ್ಟಿಸಿಕೊಂಡು ಬಂದ ಬನ್ಸ್ ಬುಡದಲ್ಲಿ ತಿನ್ನಲು ಚೆನ್ನ, ಆದರೆ ಎಣ್ಣೆಯಲ್ಲಿ ಕರಿದದ್ದನ್ನು ತಿಂದು ಏರುವುದು ಕಷ್ಟ. ಬಾಳೆಲೆಯಲ್ಲಿ ಕಟ್ಟಿದ ಬುತ್ತಿಯಿಂದ ಕಸದ ತೊಂದರೆಯೂ ಕಡಿಮೆ. ಪ್ಲಾಸ್ಟಿಕ್ ತೊಟ್ಟೆ, ಚಿಕ್ಕಿಯ ಹೊದಿಕೆ, ಹಣ್ಣಿನ ಸಿಪ್ಪೆ ಎಲ್ಲವನ್ನೂ ಮರಳಿ ತರಲು ಒಂದು ಬಟ್ಟೆಯ ಚೀಲ ಇರಲಿ. ಸಿಪ್ಪೆ ಕೊಳೆತು ಹೋಗುತ್ತದಲ್ಲ ಎಂದು ಎಸೆಯುವವರಿದ್ದಾರೆ, ಅದು ಕೊಳೆಯುವ ಮೊದಲೇ ಮಂಗಗಳು ಬರುತ್ತವೆ. ಹೀಗೆ ರುಚಿ ಕಂಡ ಮಂಗಗಳು ಮುಂದಿನವರ ಚೀಲಕ್ಕೆ ಕೈ ಹಾಕುತ್ತವೆ.

ಅಡಿಯಲ್ಲಿ ಆಳವಾದ ಗೆರೆಗಳಿರುವ, ಈಗಾಗಲೇ ಕಾಲಿಗೆ ಪಳಗಿದ ಬೂಟು, ಪಾದ ಮುಚ್ಚುವ ಕಾಲುಚೀಲ, ಉದ್ದ ತೋಳಿನ ತೆಳುವಾದ ಹತ್ತಿಯ ಅಂಗಿ, ಉದ್ದ ಪ್ಯಾಂಟು ಇಷ್ಟು ಉಡುಪು ಸಾಕು. ಬೈರಾಸು (ಮೈ ಒರೆಸುವ ತೆಳುವಾದ ಬಟ್ಟೆ) ಒಂದನ್ನು ಬಿಡಬೇಡಿ. ಬೆವರು ಒರೆಸಲು, ಒದ್ದೆ ಮಾಡಿ ಕುತ್ತಿಗೆಗೆ ಸುತ್ತಲು, ತಲೆಗೆ ಮುಂಡಾಸು ಕಟ್ಟಲು, ಉಳುಕಿದ ಪಾದಕ್ಕೆ ಬಿಗಿಯಲು, ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಳ್ಳಲು ಅದರಷ್ಟು ಬಗೆಯಲ್ಲಿ ಒದಗುವ ವಸ್ತು ಬೇರೆಯಿಲ್ಲ. ಚೀಲವನ್ನು ಬೆನ್ನಿಗೆ ಹಾಕಿ, ಎರಡೂ ಕೈಗಳನ್ನು ಖಾಲಿಯಾಗಿಡಿ.

ದಾರಿ

ಮಂಗಳೂರಿನಿಂದ ಬಿ.ಸಿ. ರೋಡ್, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ಮಾರ್ಗವಾಗಿ ಬೆಳ್ತಂಗಡಿ ತಲುಪಬೇಕು. ಉಡುಪಿಯವರು ಕಾರ್ಕಳ, ಬಜಗೋಳಿ, ನಾರಾವಿ, ಅಳದಂಗಡಿಯ ಮೂಲಕ ಗುರುವಾಯನಕೆರೆಗೆ ಬರಬಹುದು. ಬೆಳ್ತಂಗಡಿಯಿಂದ ಸುಮಾರು ಎಂಟು ಕಿಲೋಮೀಟರ್ ದೂರದ ಕಲ್ಲಿನ ಬುಡಕ್ಕೆ ಕಿಲ್ಲೂರಿನ ಕಡೆಯ ರಸ್ತೆ ಹಿಡಿದು, ಮಂಜೊಟ್ಟಿಯ ತಿರುವನ್ನು ಕೇಳಿಕೊಂಡು ಹೋಗುವುದು ಸುಲಭ. ಬಸ್ಸಿನಲ್ಲಿ ಬರುವವರು ಧರ್ಮಸ್ಥಳದ ಬಸ್ಸು ಹತ್ತಿ ಬೆಳ್ತಂಗಡಿಯಲ್ಲಿ ಇಳಿದು ರಿಕ್ಷಾ ಹಿಡಿಯಬಹುದು. ಹಿಂತಿರುಗಲು ಅದೇ ರಿಕ್ಷಾದವರಿಗೆ ಹನ್ನೆರಡೂಕಾಲಕ್ಕೆ ಬರಲು ಹೇಳಿಟ್ಟರೆ ಮೇಲೆ ಕೂತು ಹೊತ್ತು ಮರೆಯುವುದಕ್ಕೂ ಒಂದು ತಡೆ ಸಿಗುತ್ತದೆ.

ಏರುವುದು

ಮೊದಲ ಹತ್ತು ನಿಮಿಷ ಬೇಕೆಂದೇ ನಿಧಾನವಾಗಿ ನಡೆಯಿರಿ. ಮಾತನಾಡುತ್ತಾ ಏರಲು ಆಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಗಿದೆ ಎಂದು ತಿಳಿಯಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟು, ಅನುಭವಿಯೊಬ್ಬರು ಕೊನೆಯಲ್ಲಿರುವುದು ಕ್ರಮ. ನೂರು ಮೆಟ್ಟಿಲಿಗೊಮ್ಮೆ ನಿಂತು ಎರಡು ಗುಟುಕು ನೀರು ಕುಡಿಯುವುದು, ಬಾಯಾರಿಕೆಯಾದ ಮೇಲೆ ಅರ್ಧ ಬಾಟಲಿ ಸುರಿದುಕೊಳ್ಳುವುದಕ್ಕಿಂತ ಮೇಲು. ಸದ್ದು ಕಡಿಮೆ ಮಾಡಿದವರಿಗೆ ಬುಡದ ಕಾಡಿನಲ್ಲಿ ಮಂಗಟ್ಟೆಯ ರೆಕ್ಕೆಯ ಸಪ್ಪಳವೋ ಕೆಂದಳಿಲಿನ ಜಿಗಿತವೋ ಸಿಗುವ ಸಂಭವವಿದೆ. ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಏರುವವರ ಹಿಂದೆ ಸಿಕ್ಕಿಬಿದ್ದರೆ ಐದು ನಿಮಿಷ ಕುಳಿತು ಅವರನ್ನು ಮುಂದಕ್ಕೆ ಕಳುಹಿಸುವುದು ನನ್ನ ರೂಢಿ.

ಕಡಿದಾದ ಬಂಡೆಗಳಿರುವಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಸುಗಂಧದ್ರವ್ಯ ಹಚ್ಚಿಕೊಳ್ಳುವುದು, ಹೊಗೆ, ಕೂಗಾಟ, ಕಲ್ಲೆಸೆತ ಯಾವುದೂ ಬೇಡ. ಹುಳುಗಳು ಎದ್ದರೆ ಕೈ ಬೀಸದೆ, ತಲೆ ಮುಖಗಳನ್ನು ಬೈರಾಸಿನಿಂದ ಮುಚ್ಚಿ, ಬಂಡೆಯ ಬದಿಗೆ ಒತ್ತಿಕೊಂಡು ಬೇಗನೆ ದೂರ ಸರಿಯಬೇಕು. ಮೆಟ್ಟಿಲುಗಳ ಮೇಲೆ ಕಣ್ಣುಮುಚ್ಚಿ ಓಡಿದರೆ ಹುಳುವಿಗಿಂತ ದೊಡ್ಡ ಅನಾಹುತವಾಗುತ್ತದೆ.

ಹಾವಿನ ವಿಷಯದಲ್ಲಿ ಒಂದೇ ಎಚ್ಚರ: ಕಣ್ಣಿಗೆ ಕಾಣದ ಬಿರುಕಿಗೆ, ತರಗೆಲೆಯ ರಾಶಿಗೆ ಕೈಯನ್ನಾಗಲಿ ಕಾಲನ್ನಾಗಲಿ ಇಡಬಾರದು. ಕಚ್ಚಿದರೆ ಗಾಯವನ್ನು ಕೊಯ್ಯುವುದು, ಚೀಪುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದನ್ನೂ ಮಾಡದೆ, ಉಂಗುರ ಗಡಿಯಾರಗಳನ್ನು ತೆಗೆದು, ಆ ಅಂಗವನ್ನು ಅಲುಗಾಡದಂತೆ ಇರಿಸಿ, ಜೊತೆಯವರು ಹೊತ್ತು ಇಳಿಸಿ, 108ಕ್ಕೆ ಕರೆ ಮಾಡಿ ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗೆ ಮುಟ್ಟಿಸಬೇಕು.

ತುದಿಯಲ್ಲಿ

ಕೋಟೆಯ ಬಾಗಿಲನ್ನು ಹಾಯ್ದಾಗಲೇ ಇದನ್ನು ಇಲ್ಲಿ ಏಕೆ ಕಟ್ಟಿದರು ಎಂಬುದು ಅರ್ಥವಾಗುತ್ತದೆ: ಮೇಲೆ ಬರಲು ಇರುವುದು ಈ ಒಂದೇ ಇಕ್ಕಟ್ಟಿನ ದಾರಿ, ಉಳಿದ ಬದಿಗಳೆಲ್ಲ ಕಡಿದಾದ ಬಂಡೆ. ಹಿಂದೆ ನರಸಿಂಹಗಡ ಎಂಬ ಹೆಸರಿದ್ದ ಇಲ್ಲಿ ಟಿಪ್ಪು ಸುಲ್ತಾನ್ 1794ರಲ್ಲಿ ಕೋಟೆ ಕಟ್ಟಿಸಿ ತನ್ನ ತಾಯಿಯ ಹೆಸರಿಟ್ಟನೆಂದು ಹೇಳುತ್ತಾರೆ. 1799ರ ನಾಲ್ಕನೆಯ ಮೈಸೂರು ಯುದ್ಧದಲ್ಲಿ ಅದು ಬ್ರಿಟಿಷರ ವಶವಾಯಿತು. ಐದು ವರ್ಷಗಳ ಬಾಳುವೆಗಾಗಿ ಇಷ್ಟು ಮೆಟ್ಟಿಲು ಕಡಿದವರ ತೋಳುಗಳನ್ನು ನೆನೆದಾಗ ನಮ್ಮ ಕಾಲುನೋವು ದೊಡ್ಡದೆನಿಸುವುದಿಲ್ಲ. ಈಗ ಉಳಿದಿರುವುದು ಮುರಿದ ಗೋಡೆಗಳು, ಒಂದು ಫಿರಂಗಿ, ನೀರಿನ ಕೆರೆ. ಪೂರ್ವಕ್ಕೆ ಕುದುರೆಮುಖದ ಶ್ರೇಣಿ ಗೋಡೆಯಂತೆ ನಿಂತಿರುತ್ತದೆ, ಪಶ್ಚಿಮಕ್ಕೆ ತೋಟ ಗದ್ದೆಗಳ ತಗ್ಗು ಹರಡಿರುತ್ತದೆ.

ಬಂಡೆಯ ಅಂಚಿನಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಬಾರದು, ಗೋಡೆಗಳನ್ನು ಹತ್ತಬಾರದು. ಬೆಂಕಿ ಹಚ್ಚುವುದು ರಾಷ್ಟ್ರೀಯ ಉದ್ಯಾನದಲ್ಲಿ ನಿಷಿದ್ಧ. ನೆರಳು ಹುಡುಕಿ ಬೂಟು ಕಳಚಿ, ಕಾಲುಚೀಲ ಒಣಗಿಸಿ, ಬುತ್ತಿಯಲ್ಲಿ ಮೂರರಲ್ಲಿ ಎರಡು ಪಾಲನ್ನಷ್ಟೇ ತಿನ್ನಿ.

ಇಳಿಯುವುದು

ಹೊರಡುವ ಮೊದಲು ಬೂಟಿನ ದಾರವನ್ನು ಹರಡಿನ ಬಳಿ ಬಿಗಿಯಾಗಿ ಕಟ್ಟಬೇಕು. ಸಡಿಲವಾಗಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ನೀಲಿಗಟ್ಟುತ್ತದೆ. ಮೊಣಕಾಲುಗಳನ್ನು ತುಸು ಬಾಗಿಸಿ, ಇಡೀ ಪಾದವನ್ನು ಮೆಟ್ಟಿಲಿನ ಮೇಲೆ ಊರಿ, ಒಂದು ಪಾದ ನಿಂತ ಮೇಲೆಯೇ ಇನ್ನೊಂದನ್ನು ಎತ್ತಬೇಕು. ಎತ್ತರದ ಮೆಟ್ಟಿಲುಗಳಲ್ಲಿ ಮೈಯನ್ನು ಓರೆಯಾಗಿ ತಿರುಗಿಸಿ ಇಳಿದರೆ ಮೊಣಕಾಲಿನ ಮೇಲಿನ ಹೊರೆ ಕಡಿಮೆಯಾಗುತ್ತದೆ. ಜಿಗಿಯುವುದಂತೂ ಸಲ್ಲದು. ತೊಡೆ ನಡುಗಲು ಆರಂಭಿಸಿದರೆ ಅದು ನಿಲ್ಲಬೇಕೆಂಬ ಸೂಚನೆ: ಐದು ನಿಮಿಷ ಕುಳಿತು, ಉಳಿಸಿದ ಬುತ್ತಿಯನ್ನು ತಿಂದು, ಉಪ್ಪಿನ ನೀರು ಕುಡಿದು ಮುಂದುವರಿಯಬೇಕು. ಯಾರಿಗಾದರೂ ತಲೆನೋವು, ವಾಕರಿಕೆ, ತೊದಲು ಮಾತು ಕಾಣಿಸಿದರೆ ಅವರನ್ನು ನೆರಳಿನಲ್ಲಿ ಮಲಗಿಸಿ ಬೈರಾಸು ಒದ್ದೆ ಮಾಡಿ ಮೈ ತಣಿಸಬೇಕು. ಮಾತು ತೊದಲಿದರೆ ಕಾಯದೆ ಸಹಾಯಕ್ಕೆ ಕರೆ ಮಾಡಬೇಕು. ಕೊನೆಯ ಮುನ್ನೂರು ಮೆಟ್ಟಿಲುಗಳಲ್ಲಿ ಕಣ್ಣು ಕೆಳಗಿನ ರಸ್ತೆಯ ಮೇಲಿರುತ್ತದೆ, ಗಮನ ಊಟದ ಮೇಲಿರುತ್ತದೆ, ಜಾರುವುದೂ ಅಲ್ಲಿಯೇ. ಅಲ್ಲಿ ಮಾತು ನಿಲ್ಲಿಸಿ ನಡೆಯಿರಿ.

ಇಳಿದ ಮೇಲೆ

ಬುಡದಲ್ಲಿ ಬೆಳಗಿನಿಂದ ವಾಹನದಲ್ಲಿಟ್ಟಿದ್ದ ಬೇರೆ ಬಟ್ಟೆಗೆ ಬದಲಾಯಿಸಿಕೊಂಡು, ತೊಟ್ಟಿದ್ದನ್ನು ಪ್ರತ್ಯೇಕ ಚೀಲದಲ್ಲಿ ಕಟ್ಟಿಡಿ. ಇದಕ್ಕೆ ಕಾರಣ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಜೀವಿ ಉಣುಗು (ಉಣ್ಣೆ). 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿಯೂ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತ್ತು. ಸೋಂಕಿತ ಉಣುಗುಗಳ ಕಡಿತದಿಂದ ಹರಡುವ ಈ ಕಾಯಿಲೆಯ ಕಾಟ ಜನವರಿಯಿಂದ ಮೇ ತನಕ ಹೆಚ್ಚು. ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ನೇರವಾಗಿ ಕೂರಬಾರದು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತೂರಿಸಿಕೊಳ್ಳಬೇಕು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಮನೆ ಸೇರಿದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ಬೆರಳಾಡಿಸಿ ನೋಡಬೇಕು. ಕಚ್ಚಿಕೊಂಡಿರುವ ಉಣುಗನ್ನು ಚಿಮಟದಿಂದ ಚರ್ಮದ ಸಮೀಪವೇ ಹಿಡಿದು ನೇರವಾಗಿ ಎಳೆದು ತೆಗೆಯಬೇಕು, ಉಗುರಿನಿಂದ ಹೊಸಕಬಾರದು. ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆಯಿರಿ. ಮುಂದಿನ ಹತ್ತು ದಿನಗಳೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮೆಟ್ಟಿಲು ಏರಿದ ಆಯಾಸ ಎಂದು ಮಾತ್ರೆ ನುಂಗಿ ಸುಮ್ಮನಿರದೆ ವೈದ್ಯರ ಬಳಿ ಹೋಗಿ, ಯಾವ ದಿನ ಯಾವ ಕಾಡಿಗೆ ಹೋಗಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ತಿಳಿಸಿ.